ಕಡಿಮೆ ಮಾತಿನವರ ಸೆಂಟು

ಎರಡು ವರ್ಷ ನಮ್ಮ ಮನೆಯಲ್ಲಿ ಲವಂಗದ ವಾಸನೆ ಇತ್ತು. ಆ ವಾಸನೆಯ ಮರೆಯಲ್ಲಿ ನಮ್ಮನೆಯವರ ಬಾಯೊಳಗೆ, ಎಡಗೆನ್ನೆಯ ಒಳಮೈಗೆ, ಒಂದು ಹುಣ್ಣು ಬೆಳೆಯುತ್ತಿತ್ತು. ನಾವೆಲ್ಲ ಆ ವಾಸನೆಯನ್ನು ಬರೀ ಸೆಂಟು ಎಂದುಕೊಂಡೆವು. ಚಲೋ ಇದೆ ಎಂದು ಹೊಗಳಿದೆವು ಕೂಡ.

ಘಟ್ಟದ ಕೆಳಗೆ, ಕೊಂಕಣಿ ಸೀಮೆಯ ಸಾಂಖಳಿ ಪೇಟೆಯಲ್ಲಿ ನಮ್ಮದು ಬಳೆ, ರಿಬ್ಬನ್ನು, ಪೌಡರು, ಅತ್ತರಿನ ಅಂಗಡಿ. ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಮದುವೆಯಾಗಿ ಬೆಳಗಾವಿಯಿಂದ ಬಂದವಳು ನಾನು. ಅಂಗಡಿಯ ಧೂಳು ಒರೆಸುತ್ತ, ಒಲೆ ನೋಡುತ್ತ ಅಲ್ಲೇ ಉಳಿದೆ. ಎಂಬತ್ತರ ದಶಕದ ನಡುವಿನ ಮಾತು. ಪಕ್ಕದ ಮನೆಯಾತ ಹಡಗಿನ ಮೇಲೆ ಕೆಲಸಕ್ಕಿದ್ದ. ರಜೆಗೆ ಬಂದಾಗ ಇವರಿಗೊಂದು ಫಾರಿನ್ ಬಾಟಲಿ ಕೊಟ್ಟ. ಮುಚ್ಚಳ ತೆಗೆದರೆ ಮೊದಲು ಕರಿಮೆಣಸು ಮೂಗಿಗೆ ಹತ್ತುತ್ತಿತ್ತು, ಹಿಂದೆಯೇ ಜಾಯಿಕಾಯಿ, ಲವಂಗ. ಅರ್ಧ ತಾಸು ಬಿಟ್ಟು ಮೂಸಿದರೆ ಬಡಗಿಯ ಅಂಗಳದಲ್ಲಿ ಆಗಷ್ಟೇ ಕೊಯ್ದ ಕಟ್ಟಿಗೆ. ಹೂವಿನ ಸುಳಿವೇ ಇಲ್ಲ. ಗಂಡಸಿನ ಸೆಂಟು ಅಂದರೆ ಇದು ಎಂದು ಇವರು ಅದರ ಬೆನ್ನು ಹತ್ತಿದರು.

ಬೆಳಗಾವಿಯ ಅತ್ತರಿನವರಿಂದ ದೇವದಾರು ಎಣ್ಣೆ, ಗಂಧದೆಣ್ಣೆ, ಕರಿಮೆಣಸಿನೆಣ್ಣೆ, ಲವಂಗದೆಣ್ಣೆ ತಂದು ನನ್ನ ಮಸಾಲೆ ಡಬ್ಬಿಗಳ ಪಕ್ಕದಲ್ಲೇ ಸಾಲಾಗಿ ಇಟ್ಟರು. ಹನಿ ಎಣಿಸಿ ಕೂಡಿಸುವುದು, ಹತ್ತಿಗೆ ಹಚ್ಚಿ ಮೂಸುವುದು, ಮುಖ ಕಿವುಚುವುದು. ನಾಲ್ಕು ತಿಂಗಳಿಗೆ ಹೆಚ್ಚುಕಡಿಮೆ ಅದೇ ವಾಸನೆ ಬಂತು. ಸಣ್ಣ ಶೀಶೆಗೆ ತುಂಬಿ ಮಾರಾಟಕ್ಕಿಟ್ಟರು. ಚೀಟಿ ಇಲ್ಲ, ಹೆಸರಿಲ್ಲ. ಆದರೆ ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ. ಕಟ್ಟಡದ ಕೆಲಸಕ್ಕೆ ಬಂದಿದ್ದ ನಮ್ಮ ಕಡೆಯ ಮಂದಿ, ಗಣಿ ಲಾರಿಯ ಡ್ರೈವರುಗಳು ಕೌಂಟರಿಗೆ ಬಂದರೆ ಮೊದಲು ವಿಚಾರಣೆ.

"ಯಾರಿಗ್ರಿ ಸೆಂಟು?"

"ನಮ್ಮ ಅಳ್ಯಾಗ್ರಿ, ಸಾವಕಾರ್ರ."

"ಆಳು ಹೆಂಗ? ಬಾಯಿಬಡಕ ಏನು, ಕಡಿಮಿ ಮಾತಿನಾಂವ?"

"ಅಯ್ಯ, ಅವನ ಬಾಯಿಗಿ ಬೀಗನ ಇಲ್ರಿ."

"ಹಂಗಾರ ಮಲ್ಲಿಗಿ ಒಯ್ರಿ. ಇದು ಕಡಿಮಿ ಮಾತಿನವರ ಸೆಂಟು. ಅವರ ಮಾತೆಲ್ಲಾ ಇದ ಆಡತೈತಿ."

ಇವರು ಸ್ವತಃ ಹಚ್ಚುತ್ತಿರಲಿಲ್ಲ. "ನಾ ಹಚ್ಚಿದ್ರ ಮಂದಿ ನಗ್ತಾರ. ನನ್ನಂಥಾ ಬಾಯಿಬಡಕ ಸಾಂಖಳ್ಯಾಗ ಇನ್ನೊಬ್ಬ ಇಲ್ಲ" ಎನ್ನುತ್ತಿದ್ದರು. ಅದು ಖರೇನೇ. ಅಂಗಡಿಯಲ್ಲಿ ಕುಳಿತರೆ ಎದುರಿನ ದರ್ಜಿಯ ಸಂಗಡ ರಸ್ತೆಯ ಮೇಲಿಂದಲೇ ಜಗಳ, ಚೇಷ್ಟೆ. ಒಳಗೆ ರೊಟ್ಟಿ ಬಡಿಯುತ್ತ ನಾನು ಅವರ ದನಿಯಿಂದಲೇ ಗಿರಾಕಿ ಎಷ್ಟಿದೆ ಎಂದು ತಿಳಿಯುತ್ತಿದ್ದೆ. ಮಾತಿಲ್ಲದ ಹೊತ್ತಿನಲ್ಲಿ ಎಡದವಡೆಯಲ್ಲಿ ಎಲೆಯಡಿಕೆ, ಸುಣ್ಣ ತಿಕ್ಕಿದ ತಂಬಾಕು.

ಆಮೇಲೊಂದು ಮಳೆಗಾಲ, ಯಾರೂ ಹೇಳದೆ, ಅವರು ತಾವೇ ಸೆಂಟು ಹಚ್ಚಲು ಶುರು ಮಾಡಿದರು. ಹತ್ತಿಯ ಎಳೆ ಅದ್ದಿ ಕಿವಿಯ ಮಡಿಕೆಯಲ್ಲಿ ಇಡುವುದು, ಎರಡೂ ಮಣಿಕಟ್ಟಿಗೆ ತಿಕ್ಕುವುದು. ಹಾಗೆಯೇ ಮಾತು ಕಡಿಮೆಯಾಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಈಗ ಹೇಳಲಾರೆ. ದರ್ಜಿ ಚೇಷ್ಟೆ ಮಾಡಿದರೆ ಬರೀ ಕೈ ಎತ್ತುತ್ತಿದ್ದರು. ಗಿರಾಕಿಗೆ ತಲೆ ಅಲ್ಲಾಡಿಸುತ್ತಿದ್ದರು. ಮಂದಿ ಇದನ್ನು ಘನತೆ ಎಂದು ತಿಳಿದರು. "ಈಗ ನೋಡ್ರಿ, ಸೆಂಟಿಗಿ ತಕ್ಕ ಮನಷ್ಯಾ ಆದ್ರು ಸಾವಕಾರ್ರು" ಎಂದು ಒಬ್ಬ ಮೇಸ್ತ್ರಿ ನನ್ನೆದುರೇ ಹೇಳಿದ. ನನಗೂ ಒಳಗೊಳಗೇ ಹೆಮ್ಮೆ.

ದಿನದಿನದ ಬದಲಾವಣೆ ನನ್ನ ಕಣ್ಣಿಗೆ ಬೀಳಲಿಲ್ಲ ಎನ್ನುವಂತಿಲ್ಲ. ಖಡಕ್ ರೊಟ್ಟಿಯನ್ನು ಕಟಂ ಅನಿಸಿ ಮುರಿಯುತ್ತಿದ್ದವರು ಬೇಳೆಸಾರಿನಲ್ಲಿ ನೆನೆಹಾಕಿ ತಿನ್ನತೊಡಗಿದರು. ವಯಸ್ಸಾಯಿತು, ಹಲ್ಲು ಸಡಿಲ ಎಂದುಕೊಂಡೆ. ಕೆಂಪು ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. ಪಿತ್ತ ಇರಬೇಕು ಎಂದೆ. ನೀರು ಕುಡಿಯುವಾಗ ತಲೆಯನ್ನು ಬಲಕ್ಕೆ ವಾಲಿಸುತ್ತಿದ್ದರು. ಅದಕ್ಕೆ ಹೆಸರಿಡಲು ನನಗೆ ಏನೂ ಹೊಳೆಯಲಿಲ್ಲ. ಕಪಾಟಿನ ಮೇಲಿನ ಶೀಶೆಗಳಲ್ಲಿ ದೇವದಾರು ಇದ್ದಷ್ಟೇ ಇರುತ್ತಿತ್ತು, ಲವಂಗದೆಣ್ಣೆ ಮಾತ್ರ ವಾರಕ್ಕೊಂದು ಬೆರಳು ಇಳಿಯುತ್ತಿತ್ತು. ಮುಚ್ಚಳ ಸಡಿಲ ಇರಬೇಕೆಂದು ಬಟ್ಟೆಯ ಚೂರು ಸುತ್ತಿ ಬಿಗಿ ಮಾಡಿಟ್ಟೆ.

ಅಂಗಿ ಒಗೆಯುವಾಗ ಕಿಸೆಯಲ್ಲಿ ಎರಡು ಬಗೆಯ ಹತ್ತಿ ಸಿಗುತ್ತಿತ್ತು. ಒಂದಕ್ಕೆ ಸೆಂಟಿನ ಪೂರ್ತಿ ವಾಸನೆ. ಇನ್ನೊಂದು ಬರೀ ಲವಂಗ, ಉಂಡೆ ಕಟ್ಟಿದ್ದು, ತುದಿಗೆ ತೆಳು ಕೆಂಪು. ಎಲೆಯಡಿಕೆಯ ಕೆಂಪು ಎಂದು ಕಲ್ಲಿನ ಮೇಲೆ ಹಾಕಿ ತಿಕ್ಕಿದೆ. ಅವರು ಎಲೆ ಹಾಕುವುದನ್ನು ಬಿಟ್ಟು ಆರು ತಿಂಗಳಾಗಿತ್ತು. ಅದೂ ನನಗೆ ಗೊತ್ತಿತ್ತು. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಬರಲಿಲ್ಲ.

ಬುದ್ಧಿ ಬೇರೆ ಕಡೆ ಹೋಗಿತ್ತು. ಪಕ್ಕದ ಮನೆಯಾಕೆ, ಆ ಹಡಗಿನವನ ಹೆಂಡತಿ, ಬಾವಿಕಟ್ಟೆಯ ಮೇಲೆ ಒಂದು ದಿನ ತನ್ನ ಕೊಂಕಣಿ ಬೆರೆಸಿದ ಕನ್ನಡದಲ್ಲಿ ಕೇಳಿದಳು: "ಬಾಯ್, ತುಮ್ಚೊ ಶೇಟ್, ನಿನ್ನ ಗಂಡ, ಇಷ್ಟು ಸೆಂಟ್ ಯಾರಿಗೆ ಹಾಕ್ತಾನೆ? ನಿಂಗೆ ಅಲ್ಲ ಅಲ್ವಾ?" ನಗುತ್ತಲೇ ಕೇಳಿದಳು. ನಾನೂ ನಕ್ಕೆ. ಮರುದಿನದಿಂದ ಅಂಗಡಿಗೆ ಯಾವ ಹೆಂಗಸು ಬಳೆ ಇಡಿಸಿಕೊಳ್ಳಲು ಬಂದರೂ ಪರದೆಯ ಸಂದಿಯಿಂದ ನೋಡತೊಡಗಿದೆ. ಅವರು ನನ್ನ ಹತ್ತಿರ ಬರುವುದನ್ನು ಬಿಟ್ಟಿದ್ದರು, ಮಲಗುವಾಗ ಗೋಡೆಯ ಕಡೆ ಮುಖ. ನನಗೆ ಅಷ್ಟು ಸಾಕಾಗಿತ್ತು. ಇನ್ನೊಬ್ಬಳನ್ನು ಹುಡುಕುವುದರಲ್ಲಿ ಒಂದು ವರ್ಷ ಕಳೆದೆ. ಆ ವರ್ಷವನ್ನು ಅವರ ಬಾಯಿಂದ ಕಿತ್ತುಕೊಂಡವಳು ನಾನೇ.

ತೊಂಬತ್ತರ ಆಚೀಚೆ, ವಾಳಪೈಯಲ್ಲಿ ನನ್ನ ನಾದಿನಿಯ ಹೊಸ ಮನೆಯ ವಾಸ್ತುಶಾಂತಿ. ಊಟಕ್ಕೆ ಮೊದಲು ಹೆಂಗಸರು ನಮ್ಮಿಬ್ಬರನ್ನೂ ಮಣೆಯ ಮೇಲೆ ಕೂಡಿಸಿದರು. ನಮ್ಮ ಕಡೆಯ ರೂಢಿ: ಹೆಂಡತಿ ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು, ಆಮೇಲೆ ಬಾಯಿಗೆ ಉಂಡಿ ಇಡಬೇಕು. ವರ್ಷದಲ್ಲಿ ಒಮ್ಮೆಯೋ ಎರಡು ಸಲವೋ ಆ ಹೆಸರು ನನ್ನ ನಾಲಿಗೆಗೆ ಬರುತ್ತಿದ್ದುದು ಹೀಗೆಯೇ.

"ವೈನಿ, ಹಳೇದ ಹೇಳಬ್ಯಾಡ್ರಿ ಮತ್ತ, ಹೊಸಾದ ಬೇಕ" ಎಂದಳು ನಾದಿನಿ.

"ಗಂಧದ ಕೊರಡಿಗಿ ಲವಂಗದ ಜೋಡಿ" ಎಂದು ಶುರು ಮಾಡಿ, ಹೆಸರು ಹೇಳಿ, "ಎಲ್ಲಾರೂ ನೋಡಿ" ಎಂದು ಮುಗಿಸಿದೆ. ಚಪ್ಪಾಳೆ. ಬುಂದಿ ಉಂಡಿ ಎತ್ತಿ ಅವರ ಬಾಯಿಯ ಹತ್ತಿರ ಒಯ್ದೆ. ತುಟಿ ತೆರೆದವು, ಹಲ್ಲು ತೆರೆಯಲಿಲ್ಲ. ಒಂದು ಬೆರಳು ಹೋಗುವಷ್ಟು ಸಂದಿ.

"ಅಣ್ಣಾ, ನಾಚತೀಯೇನೋ ಈ ವಯಸ್ಸಿನ್ಯಾಗ? ಆ ಮಾಡೋ!"

ಎಲ್ಲರೂ ನಕ್ಕರು. ಉಂಡಿ ಹಲ್ಲಿಗೆ ತಾಗಿ ಪುಡಿಯಾಗಿ ಅವರ ಅಂಗಿಯ ಮೇಲೆ ಉದುರಿತು. ಅಷ್ಟು ಹತ್ತಿರದಲ್ಲಿ ನಾನು ಎರಡು ವರ್ಷದಿಂದ ಇರಲಿಲ್ಲ. ಮೊದಲು ಮೆಣಸು, ಆಮೇಲೆ ಲವಂಗ, ಆಮೇಲೆ ಕಟ್ಟಿಗೆ. ಅದರ ಕೆಳಗೆ, ಮಳೆಗಾಲದಲ್ಲಿ ಕಪಾಟಿನ ಹಿಂದೆ ಇಲಿ ಸತ್ತರೆ ಬರುವಂಥದ್ದು. ಅವರ ಕಣ್ಣಲ್ಲಿ ನೀರಿತ್ತು. ನಗುವವರಿಗೆ ಅದು ಕಾಣಲಿಲ್ಲ. ನಾನು ಪುಡಿಯನ್ನು ಒಂದೊಂದಾಗಿ ಅಂಗಿಯಿಂದ ಆರಿಸಿದೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. "ಎಷ್ಟ ದಿನಾತ್ರಿ?"

"ಹಲ್ಲುನೋವು ಅನ್ಕೊಂಡಿದ್ದೆ. ಲವಂಗದೆಣ್ಣಿ ಹಚ್ಚಿದ್ರ ಸುಮ್ಮಾಗತಿತ್ತು." ಒಂದೊಂದು ಮಾತಿಗೂ ದವಡೆ ಹಿಡಿದುಕೊಳ್ಳುತ್ತಿದ್ದರು. "ಆಮ್ಯಾಲೆ ವಾಸನಿ ಸುರುವಾತು. ಗಿರಾಕಿ ಹೇಸಬಾರದು, ನೀ ಹೇಸಬಾರದು ಅಂತ ಸೆಂಟು ಹಚ್ಚಿದೆ."

ಎರಡು ದಿನ ಬಿಟ್ಟು ಪಣಜಿ ಕಡೆಯ ದೊಡ್ಡಾಸ್ಪತ್ರೆಗೆ ಹೊರಟೆವು. ಬೆಳಗಿನ ಬಸ್ಸಿಗೆ ಅವರು ತಯಾರಾಗಿ ಕನ್ನಡಿಯ ಮುಂದೆ ನಿಂತು, ರೂಢಿಯಂತೆ ಶೀಶೆ ಎತ್ತಿ ಹಚ್ಚಿಕೊಂಡರು. ನಾನು ಸೆರಗಿನ ತುದಿಯನ್ನು ಬಿಸಿನೀರಿಗೆ ಅದ್ದಿ ಕಿವಿಯ ಹಿಂದೆ, ಕುತ್ತಿಗೆಗೆ, ಮಣಿಕಟ್ಟಿಗೆ ಒರೆಸಿದೆ.

"ಇವತ್ತ ಬ್ಯಾಡ್ರಿ. ಡಾಕ್ಟರಿಗೆ ಖರೇ ವಾಸನಿ ಬರಲಿ."

ಮಗುವಿನಂತೆ ಕತ್ತು ಕೊಟ್ಟು ನಿಂತಿದ್ದರು. ಎಷ್ಟು ಒರೆಸಿದರೂ ಕಟ್ಟಿಗೆಯ ವಾಸನೆ ಚರ್ಮದಿಂದ ಪೂರ್ತಿ ಹೋಗಲಿಲ್ಲ.

ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು. ಇವರನ್ನು ಬಿಟ್ಟು ನನ್ನನ್ನು ಕೇಳಿದರು: ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ? ಗಮನಿಸಿದ್ದೆ. ನೆನೆಸಿದ ರೊಟ್ಟಿ, ಸರಿಸಿದ ಚಟ್ನಿ, ಇಳಿಯುತ್ತಿದ್ದ ಶೀಶೆ, ಕೆಂಪು ಹತ್ತಿ. ಒಂದನ್ನೂ ಬಿಟ್ಟಿರಲಿಲ್ಲ.

ಎಡದವಡೆ ತೆಗೆದರು. ಅವರು ವಾರ್ಡಿನಲ್ಲಿದ್ದ ದಿನಗಳಲ್ಲಿ ನಾದಿನಿಯನ್ನು ಅಲ್ಲಿ ಕೂಡಿಸಿ, ನಡುವೆ ಒಂದು ದಿನ ಅಂಗಡಿಯ ಬಾಗಿಲು ತೆರೆದೆ. ಆಪರೇಶನ್ ಆದರೂ ಹುಣ್ಣಿನ ಬೇರು ಕುತ್ತಿಗೆಗೆ ಇಳಿದಿದೆ ಎಂದು ಹಿಂದಿನ ದಿನವಷ್ಟೇ ಡಾಕ್ಟರು ಹೇಳಿದ್ದರು. ಕೌಂಟರಿಗೆ ಒಬ್ಬ ಹೆಣ್ಣುಮಗಳು ಬಂದಳು. ನಮ್ಮ ಕಡೆಯವಳೇ, ಕಟ್ಟಡದ ಕೆಲಸದವಳು, ಸೆರಗಿಗೆ ಸಿಮೆಂಟಿನ ಧೂಳು.

"ಯಕ್ಕಾರ, ಸಾವಕಾರ್ರ ಸೆಂಟು ಒಂದು ಶೀಶಿ ಕೊಡ್ರಿ. ನಮ್ಮ ಯಜಮಾನರಿಗಿ."

ಇವರ ಜಾಗದಲ್ಲಿ ಕುಳಿತಿದ್ದೆನಲ್ಲ, ಇವರ ಮಾತೇ ಬಾಯಿಗೆ ಬಂತು. "ಆಳು ಹೆಂಗವ್ವ? ಬಾಯಿಬಡಕ ಏನು, ಕಡಿಮಿ ಮಾತಿನವರ?"

"ಕಡಿಮಿ ಮಾತ್ರಿ. ಮೊದಲ ಭಾಳ ಮಾತಾಡತಿದ್ರು. ಇತ್ತಿತ್ತಲಾಗ ಬಾಯಿನ ಬಿಡಂಗಿಲ್ಲ ನೋಡ್ರಿ."

ಶೀಶೆ ಆಗಲೇ ನನ್ನ ಕೈಯಲ್ಲಿತ್ತು. ಅದನ್ನು ಹಿಂದಿನ ಹಲಗೆಯ ಮೇಲೆ, ಅವಳ ಕೈಗೆ ಎಟುಕದಷ್ಟು ದೂರ, ಇಟ್ಟೆ.

"ತಂಗಿ, ಸೆಂಟು ಎಲ್ಲೂ ಹೋಗಂಗಿಲ್ಲ. ನೀ ಈಗಿಂದೀಗ ಮನಿಗಿ ಹೋಗಿ, ಬೆಳಕಿಗಿ ನಿಂದರಿಸಿ, ಅವರ ಬಾಯಿ ತೆರಸಿ ನೋಡು."