ಘಟ್ಟ ಹತ್ತಿಸಿದ ಗುಂಡಿಗೆ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಶಿರಸಿಯ ಆಸ್ಪತ್ರೆಯೊಂದರಲ್ಲಿ ಅಂಗಿ ಬಿಚ್ಚಿ ಎಡಮಗ್ಗುಲಿಗೆ ಮಲಗಿದ ಆ ದಿನ ಅದು ನೆತ್ತಿಗೇ ಏರಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಬಸ್ಸು ಓಡಿಸಿದವನು ನಾನು. ಡ್ರೈವರುಗಳ ತಪಾಸಣೆಯಲ್ಲಿ ನನ್ನ ಇಸಿಜಿಯ ಗೆರೆ ಸರಿಯಿಲ್ಲ, ಎದೆಯ ಎಕೋ ಸ್ಕ್ಯಾನ್ ಮಾಡಿಸಿ ಡಾಕ್ಟರ ಚೀಟಿ ತರುವವರೆಗೆ ಸ್ಟೇರಿಂಗ್ ಮುಟ್ಟಕೂಡದು ಎಂದುಬಿಟ್ಟಿದ್ದರು. ಬಸ್ಸು ಓಡಿಸದಿದ್ದರೆ ನಾನು ಯಾರು? ಹೊರಡುವಾಗಲೇ, ಜೊತೆಗೆ ಬಂದ ಹೆಂಡತಿಗೆ ಹೇಳಿದ್ದೆ: "ಜಗಳ ಮಾಡಿಯಾದ್ರೂ ಚೀಟಿ ಬರೆಸ್ಕಂಡೇ ಬರೂದು. ನೀ ನಡುವೆ ಬಾಯಿ ಹಾಕ್ಬೇಡ."

ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಎದೆಗೆ ತಣ್ಣನೆಯ ಜೆಲ್ ಸವರಿ, ಕೈಯಲ್ಲಿದ್ದ ಉಪಕರಣವನ್ನು ಪಕ್ಕೆಲುಬುಗಳ ನಡುವೆ ಒತ್ತಿದರು. ಪರದೆಯ ಮೇಲೆ ಬೂದುಬಣ್ಣದ ಏನೋ ಮಿಸುಕಿತು.

"ಅದೆಂತದು?"

"ನಿಮ್ಮ ಹೃದಯ."

ಅಯ್ಯೋ ದೇವರೇ, ಇಷ್ಟು ವರ್ಷ ಇದು ಒಳಗೆ ಕೂತು ಹೀಗೆ ದುಡಿಯುತ್ತಿತ್ತೇ! ಬಸ್ಸಿನ ಎಂಜಿನ್ನಾದರೂ ಸ್ಟ್ಯಾಂಡಿನಲ್ಲಿ ಆರುತ್ತದೆ. ಇದಕ್ಕೆ ನಾನು ಹುಟ್ಟಿದಂದಿನಿಂದ ಒಂದು ರಜೆಯಿಲ್ಲ. ತೆಳ್ಳನೆಯ ಬಾಗಿಲುಗಳು ತೆರೆದು ಮುಚ್ಚಿ, ತೆರೆದು ಮುಚ್ಚಿ... ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಡಾಕ್ಟರು ಮಾತ್ರ ಒಂದೇ ಕಡೆ ದಿಟ್ಟಿಸುತ್ತಿದ್ದರು. ಆಮೇಲೆ ಬೆರಳಿಟ್ಟು ತೋರಿಸಿದರು. "ಇಲ್ನೋಡಿ. ಪ್ರತಿ ಬಡಿತಕ್ಕೂ ಈ ಗೋಡೆ ದಪ್ಪ ಆಗಿ ಒಳಗೆ ಬರ್ಬೇಕು. ಈ ಬದಿ ಬರ್ತಾ ಇದೆ. ಕೆಳಗಿಂದು ಅಲುಗ್ತಾನೇ ಇಲ್ಲ, ತೆಳ್ಳಗೂ ಆಗಿದೆ. ಹಳೇ ಹಾರ್ಟ್ ಅಟ್ಯಾಕ್ ಇದು. ಯಾವಾಗಾದ್ರೂ ಎದೆನೋವು ಬಂದಿತ್ತಾ?"

"ಇಲ್ಲ" ಎಂದೆ.

ಹೆಂಡತಿ ಬಾಯಿ ಹಾಕಿಯೇಬಿಟ್ಟಳು. "ಸೋಡಾ ಕುಡಿದ ದಿನ?"

ಹೌದು. ಹಿಂದಿನ ಚಳಿಗಾಲದಲ್ಲಿ ಅಂಕೋಲೆಯಿಂದ ಬರುವಾಗ ಅರಬೈಲು ಘಟ್ಟದ ಅರ್ಧದಲ್ಲಿ ಎದೆ ಹಿಂಡಿತ್ತು, ಎಡಗೈ ಜೋಮು ಹಿಡಿದಿತ್ತು. ಹುಬ್ಬಳ್ಳಿ ಕಡೆಯ ಕಂಡಕ್ಟರು, "ಮಾರಿ ತುಂಬ ಬೆವರು ಬಂದೈತಲ್ರಿ, ಗಾಡಿ ನಿಲ್ಲಿಸ್ರಿ" ಎಂದರೆ, "ಗ್ಯಾಸು, ಸುಮ್ನಿರು ಮಾರಾಯಾ" ಎಂದು ಗದರಿದ್ದೆ. ಘಟ್ಟದ ಮೇಲಿನ ಇಡಗುಂದಿಯಲ್ಲಿ ಉಪ್ಪು ಹಾಕಿದ ನಿಂಬೆ ಸೋಡಾ ಕುಡಿದು, ಡರ್ರನೆ ತೇಗಿ, ಯಲ್ಲಾಪುರಕ್ಕೆ ಸರಿಯಾದ ಟೈಮಿಗೆ ಮುಟ್ಟಿಸಿದೆ. ಆಸ್ಪತ್ರೆ ಅಲ್ಲೇ ಇತ್ತು. ನಾನು ಮನೆಗೆ ಹೋಗಿ ಜಂಬ ಕೊಚ್ಚಿದೆ.

"ಅವತ್ತೇ ತೋರಿಸಿದ್ರೆ ಈ ಗೋಡೆ ಉಳೀತಿತ್ತೇನೋ" ಎಂದರು ಡಾಕ್ಟರು, ನಾನು ಇದನ್ನೆಲ್ಲ ಹೇಳಿದ ಮೇಲೆ.

"ಹಂಗಾರೆ ಇದು ಬಿದ್ದಮೇಲೆ ಘಟ್ಟ ಹತ್ತಿಸಿದ್ದು ಯಾರು?"

"ಉಳಿದ ಗೋಡೆಗಳು. ಇದರ ಪಾಲಿನದ್ದನ್ನೂ ಅವೇ ಎಳೀತಾ ಇವೆ, ನೋಡಿ."

ನೋಡಿದೆ. ಕಣ್ಣು ತುಂಬಿ ಬಂತು. ನನ್ನ ಹಟ, ನನ್ನ ಟೈಮು, ನನ್ನ ತೇಗು, ಎಲ್ಲವನ್ನೂ ಒಳಗಿನದು ಹೊತ್ತುಕೊಂಡು ಒಂದು ಬಡಿತವನ್ನೂ ಬಿಡದೆ ಎಳೆಯುತ್ತಿತ್ತು. ಕೈ ಮುಗಿಯಬೇಕೆನಿಸಿತು, ಆದರೆ ಒಂದು ಕೈ ತಲೆಯಡಿಗಿತ್ತು.

ಆಗ ನೆನಪಾಯಿತು. ಅಂದು ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಬಾಣಂತಿಯೊಬ್ಬಳು ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ಯಲ್ಲಾಪುರದಲ್ಲಿ ಇಳಿಯುವಾಗ ನಕ್ಕು ಹೇಳಿದ್ದಳು: "ಗಾಡಿ ಎಷ್ಟು ನಯ ಹೊಡದ್ರಿ! ಘಟ್ಟ ಹತ್ತಿದ್ದು ಕೂಸಿಗೆ ಗೊತ್ತೇ ಆಗ್ಲಿಲ್ಲ." ಆ ಮಾತನ್ನೂ ನಾನು ಮನೆಯಲ್ಲಿ ಹೇಳಿ ಮೆರೆದಿದ್ದೆ. ಅಂದು ಘಟ್ಟದಲ್ಲಿ ಈ ಗುಂಡಿಗೆ ನಿಂತಿದ್ದರೆ ಬಸ್ಸಿನ ಜೊತೆ ಆ ಕೂಸೂ ಕಣಿವೆಗೆ ಬೀಳುತ್ತಿತ್ತು.

ಡಾಕ್ಟರು ಪೆನ್ನು ಹಿಡಿದು ತಡವರಿಸಿದರು. "ನೀವು ಬೇಜಾರು ಮಾಡ್ಕೋಬಾರ್ದು. ಬಸ್ಸು ಓಡಿಸ್ಬಹುದು ಅಂತ..."

"ಬರೀಬೇಡಿ" ಎಂದೆ. "ಓಡಿಸ್ಬಾರ್ದು ಅಂತ್ಲೇ ಬರೀರಿ. ಆ ಕೂಸು ಈಗ ನಡೀಲಿಕ್ಕೆ ಕಲ್ತಿರ್ತದೆ."