ನಾಗಮಣಿ ಬಿಚ್ಚಿಸಿದ ಶೂಗಳು

ವೂರ್‌ಬರ್ಗಿನ ನಾಗಮಣಿ, ಹಿಂದೆ ಮೈಸೂರಿನಲ್ಲಿ ಭರತನಾಟ್ಯದ ಜೂನಿಯರ್ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿದವಳು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಗಂಡ ಮಹಾಬಲೇಶ್ವರನ ಐಟಿ ಕೆಲಸದ ಬೆನ್ನಿಗೆ ನೆದರ್‌ಲ್ಯಾಂಡ್ಸಿನ ಈ ಊರಿಗೆ ಬಂದಮೇಲೆ ವಿದುಷಿಯಾದಳು. ಯುಗಾದಿ, ದೀಪಾವಳಿ, ಯಾರದೋ ಮಗುವಿನ ಹುಟ್ಟುಹಬ್ಬ, ಎಲ್ಲಕ್ಕೂ ಅವಳದೇ ಪುಷ್ಪಾಂಜಲಿ. ಕನ್ನಡದ ಮಂದಿ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು, ಏಕೆಂದರೆ ಊಟ ಇರುತ್ತಿದ್ದದ್ದು ಅದು ಮುಗಿದ ಮೇಲೆ.

ಮಗಳು ಅಕ್ಷಯಾಳ ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡುವ ನಾಡುಗಳ ಪರಂಪರೆಯ ದಿನಾಚರಣೆ ನಿಗದಿಯಾಯಿತು. ಮಕ್ಕಳಿಂದ ಮೆಕ್ಸಿಕೋದ ಜನಪದ ಕುಣಿತ. ಕಲಿಸುವವರು ಯಾರು ಎಂದು ಮುಖ್ಯೋಪಾಧ್ಯಾಯಿನಿ ಮರೈಕೆ ಪೋಷಕರ ಸಭೆಯಲ್ಲಿ ಕೇಳಿದರು. ಮೆಕ್ಸಿಕೋದವಳೇ ಆದ ಇಟ್ಸೆಲ್ ಎಂಬ ತಾಯಿ ಸಂಕೋಚದಿಂದ ಕೈಯನ್ನು ಅರ್ಧ ಎತ್ತುವಷ್ಟರಲ್ಲಿ ನಾಗಮಣಿಯ ಕೈ ಪೂರ್ತಿ ಮೇಲಿತ್ತು. ಬುಧವಾರ ಮಧ್ಯಾಹ್ನದ ನೃತ್ಯ ತರಗತಿಗೂ ಒಬ್ಬ ಟೀಚರ್ ಬೇಕು, ಕಾರ್ಯಕ್ರಮ ನೋಡಿ ತೀರ್ಮಾನಿಸುತ್ತೇವೆ ಎಂದರು ಮರೈಕೆ. ನಾಗಮಣಿಗೆ ಬೇಕಾಗಿದ್ದದ್ದು ಅದೇ. ಮಹಾಬಲೇಶ್ವರನ ಹೆಂಡತಿ, ಅಕ್ಷಯಾಳ ಅಮ್ಮ ಎನ್ನಿಸಿಕೊಂಡು ಅವಳಿಗೆ ಸಾಕಾಗಿಹೋಗಿತ್ತು. ಯಾರಾದರೂ ಒಮ್ಮೆ ಟೀಚರ್ ಅನ್ನಲಿ ಎಂದು ಜೀವ ಹಪಹಪಿಸುತ್ತಿತ್ತು.

ಇಟ್ಸೆಲ್ ಬೇಸರಿಸಿಕೊಳ್ಳದೆ ಅಗಲ ನೆರಿಗೆಯ ಲಂಗಗಳನ್ನೂ, ಹಿಮ್ಮಡಿಗೆ ಮೊಳೆ ಬಡಿದ ಶೂಗಳನ್ನೂ ಚೀಲ ತುಂಬಿ ತಂದುಕೊಟ್ಟಳು. ಲಂಗ ನೋಡಿ ನಾಗಮಣಿ ಹಿಗ್ಗಿದಳು. ಶೂ ನೋಡಿ ಹೌಹಾರಿದಳು.

"ಸ್ಟೇಜ್ ಮೇಲೆ ಶೂನಾ? ಶಿವ ಶಿವಾ! ಭೂಮಿತಾಯಿಗೆ ನಮಸ್ಕಾರ ಮಾಡಿ ಹತ್ತೋ ಜಾಗ ಅದು!"

"ಅಮ್ಮಾ, ಇಟ್ಸ್ ಎ ಶೂ ಡ್ಯಾನ್ಸ್!" ಎಂದಳು ಅಕ್ಷಯಾ.

"ನನಗೇ ಹೇಳ್ಕೊಡ್ತೀಯಾ? ಡ್ಯಾನ್ಸ್ ಅಂದ್ರೆ ಡ್ಯಾನ್ಸ್. ಎಲ್ರಿಗೂ ಬಿಚ್ಚೋಕೆ ಹೇಳು."

ಚೀಲ ಅಭ್ಯಾಸ ನಡೆಯುತ್ತಿದ್ದ ಶಾಲೆಯ ಜಿಮ್ಮಿನ ಮೂಲೆ ಸೇರಿತು. ನಾಗಮಣಿ ಕಾಫಿಗೆಂದು ಹೊರಹೋದಾಗಲೆಲ್ಲ ಅಕ್ಷಯಾ ಮಾತ್ರ ಶೂ ಮೆಟ್ಟಿಕೊಂಡು ಇಟ್ಸೆಲ್‌ಳಿಂದ ಹೆಜ್ಜೆ ಕಲಿಯುತ್ತಿದ್ದಳು.

ಕಾರ್ಯಕ್ರಮದ ದಿನ ಅದೇ ಜಿಮ್ಮಿನಲ್ಲಿ ಮಕ್ಕಳು ಬರಿಗಾಲಲ್ಲಿ ಬಂದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಇದು ಮೆಕ್ಸಿಕೋದ ಪುರಾತನ ಪದ್ಧತಿಯಿರಬೇಕೆಂದು ಡಚ್ ಪೋಷಕರು ಭಕ್ತಿಯಿಂದ ಫೋಟೋ ತೆಗೆದರು. ಲಂಗಗಳು ಸೊಗಸಾಗಿ ಸುತ್ತಿದವು. ಆಮೇಲೆ, ಹಾಡು ನಿಂತು ಹಿಮ್ಮಡಿಗಳೇ ಮಾತಾಡಬೇಕಾದ ಜಾಗ ಬಂತು. ಎಳೆಯ ಪಾದಗಳಿಂದ ರೊಟ್ಟಿ ತಟ್ಟಿದಷ್ಟು ಸದ್ದು ಬಂತು, ಅದೂ ಅಡಗಿತು. ಸಭೆಯಲ್ಲಿ ಯಾರೋ ಕೆಮ್ಮಿದರು. ನಾಗಮಣಿಗೆ ಭೂಮಿತಾಯಿ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು.

ಅಕ್ಷಯಾ ಮೂಲೆಗೆ ಓಡಿ ಶೂ ಹಾಕಿಕೊಂಡು ಬಂದು ಕುಟ್ಟಿದಳು ನೋಡಿ! ಜಿಮ್ಮಿನ ಕಿಟಕಿಗಳು ಅದುರಿದವು. ಇಟ್ಸೆಲ್ ಸಂಕೋಚವೆಲ್ಲ ಮರೆತು ಎದ್ದುನಿಂತು ಕೇಕೆ ಹಾಕಿದಳು.

ಬುಧವಾರದ ತರಗತಿ ಇಟ್ಸೆಲ್‌ಗೆ ಹೋಯಿತು. ನಾಗಮಣಿಗೆ ಲಂಗಗಳನ್ನು ಇಸ್ತ್ರಿ ಮಾಡಿದ್ದಕ್ಕೆಂದು ಒಂದು ಹೂಗುಚ್ಛ ಸಿಕ್ಕಿತು.

"ಆ ಜಿಮ್ ನೆಲಾನೇ ಸರಿಯಿಲ್ಲ ಕಣ್ರೀ," ಎಂದಳು ದಾರಿಯಲ್ಲಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಮಹಾಬಲೇಶ್ವರನ ನಾಲಿಗೆಯ ತುದಿಗೆ ಬಂತು. ಮನೆಯಲ್ಲಿ ಊಟ ಮಾಡಬೇಕಾದವನಾದ್ದರಿಂದ ನುಂಗಿಕೊಂಡ.

ಮನೆಗೆ ಬಂದವಳೇ ಅಕ್ಷಯಾ ಬಾಗಿಲ ಬಳಿ ಆ ಮೊಳೆಯ ಶೂ ಬಿಡದೆ ನೇರ ಅಡುಗೆಮನೆಗೆ ನುಗ್ಗಿ ಕುಟ್ಟತೊಡಗಿದಳು. ಬೇರೆ ದಿನವಾಗಿದ್ದರೆ ರಾಮಾಯಣವೇ ಆಗುತ್ತಿತ್ತು. ನಾಗಮಣಿ ಹೂಗುಚ್ಛವನ್ನು ಸಿಂಕಿನಲ್ಲಿ ಹಾಕಿ ನೋಡುತ್ತ ನಿಂತಳು. ಹೊಟ್ಟೆ ಉರಿಯುತ್ತಿತ್ತು. ಆದರೂ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕಿತು.

"ಎಡಗಾಲು ತಡ ಆಗ್ತಿದೆ ಕಣೆ. ಇನ್ನೊಂದ್ಸಲ ಹೊಡಿ."

ಕೆಳಮನೆಯ ಡಚ್ ಮುದುಕ ಪೊರಕೆಯ ಹಿಡಿಯಿಂದ ಸೂರು ಕುಟ್ಟಿದ. ಅಕ್ಷಯಾ ಅಮ್ಮನ ಮುಖ ನೋಡಿದಳು.

"ಅವನ ಕಡೆ ಗಮನ ಬೇಡ. ಹೊಡಿ."

"ಓಕೆ, ಟೀಚರ್," ಎಂದಳು ಮಗಳು.

ಅಣಕಿಸಿದಳೋ, ನಿಜಕ್ಕೂ ಅಂದಳೋ, ನಾಗಮಣಿ ವಿಚಾರಿಸಲು ಹೋಗಲಿಲ್ಲ.