ಎರಡೇ ದಿನಕ್ಕೆ ಹಣ್ಣಾದ ಗೊನೆ

ಹೋದ ವರ್ಷ ಹಾಲು ಕರೆಯುವ ಮಷೀನ್ ರಿಪೇರಿಗೆಂದು ಭದ್ರಾವತಿ ಹತ್ತಿರದ ರುದ್ರಪ್ಪನವರ ಕೊಟ್ಟಿಗೆಗೆ ಹೋಗಿದ್ದೆ. ಕೆಲಸ ಮುಗಿಯುತ್ತಲೇ ಅವರು ಒಂದು ಬಾಳೆಹಣ್ಣು ಕೈಗಿಟ್ಟರು. ಹಣ್ಣು ಬೆಚ್ಚಗಿತ್ತು.

“ಗೊನೆ ಹುಲ್ಲಲ್ಲಿ ಇಟ್ಟಿದ್ದೆ. ಈ ಸಲ ಎರಡೇ ದಿನಕ್ಕೆ ಹಣ್ಣಾಯ್ತು ನೋಡಿ!” ಎಂದು ಬೀಗಿದರು.

ಪಕ್ಕದ ಶೆಡ್ಡಿನಲ್ಲಿ ಭತ್ತದ ಹುಲ್ಲಿನ ಪೆಂಡಿಗಳು ಸೂರು ಮುಟ್ಟಿದ್ದವು. ಮಳೆ ಬಂದೀತೆಂದು ಹಸಿಯಲ್ಲೇ ಕಟ್ಟಿಸಿ, ಅಡಿಕೆ ಮುಚ್ಚುವ ಟಾರ್ಪಾಲನ್ನು ಮೇಲೆ ಬಿಗಿದಿದ್ದರು. ಸುಟ್ಟ ಬೆಲ್ಲದಂಥ ವಾಸನೆ ಬರುತ್ತಿತ್ತು.

“ಹಸಿ ಹುಲ್ಲು ಒಳಗೊಳಗೇ ಕಾದು ತಾನಾಗೇ ಹತ್ಕೊಳ್ಳುತ್ತೆ ರುದ್ರಪ್ಪನವರೇ,” ಎಂದೆ.

“ಬೆಂಕಿಪೊಟ್ಟಣ ಇಲ್ದೆ ಬೆಂಕಿಯಾ? ಸುಮ್ನಿರಿ ಮಾರಾಯ್ರೆ!”

ರಿಪೇರಿಯವನ ಮಾತು ಮಷೀನಿನ ವಿಷಯದಲ್ಲಿ ಮಾತ್ರ ನಡೆಯುತ್ತದೆ. ಅಲ್ಲೇ ಒರಗಿಸಿಟ್ಟಿದ್ದ ಕಬ್ಬಿಣದ ಹಾರೆಯನ್ನು ಹುಲ್ಲಿನೊಳಗೆ ಆಳಕ್ಕೆ ತುರುಕಿ ಕಾಫಿಗೆ ಕೂತೆ. ಕುಡಿದು ಬಂದು, ಹಾರೆ ಎಳೆದು, ಮುಟ್ಟಿ ನೋಡಿ ಎಂದೆ. ಮುಟ್ಟಿದವರು “ಅಯ್ಯಯ್ಯೋ!” ಎಂದು ಕೈ ಕೊಡವಿ, ಹಸುಗಳ ಹಗ್ಗ ಬಿಚ್ಚಲು ಓಡಿದರು. ನಾನು ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. ಅವರು ಬಂದು ನೀರು ಹೊಡೆಯುತ್ತ ಪೆಂಡಿ ಎಳೆದಾಗ ನಡುವಿನ ಹುಲ್ಲು ಕರ್ರಗಾಗಿ ಹೊಗೆಯಾಡುತ್ತಿತ್ತು.

ಈ ವರ್ಷ ರುದ್ರಪ್ಪ ಹುಲ್ಲನ್ನು ಗರಿಗರಿಯಾಗಿ ಒಣಗಿಸಿಯೇ ಒಟ್ಟಿದ್ದಾರೆ. ಮೊನ್ನೆ ಅವರ ಫೋನ್ ಬಂತು.

“ವಾರ ಆಯ್ತು, ಗೊನೆ ಇನ್ನೂ ಕಲ್ಲಿನ ಹಾಗಿದೆ. ಎಂಥಾ ಸಲಹೆ ಕೊಟ್ರಿ ಮಾರಾಯ್ರೆ ನೀವು!”